ಮೊದಲಕ್ಷರ ಬದಲಿಸುವ ಪದಗಳು ಮತ್ತು ಒಬ್ಬ ಕಲ್ಲುಕುಟಿಗ

ಮ್ಯಾನ್ ದ್ವೀಪದ ನುಡಿಯಾದ ಮ್ಯಾಂಕ್ಸ್ ಭಾಷೆಯಲ್ಲಿ ‘ತೈ’ ಎಂದರೆ ಮನೆ. ‘ಎ ತೈ’ ಎಂದರೆ ಅವಳ ಮನೆ, ‘ಎ ಹೈ’ ಎಂದರೆ ಅವನ ಮನೆ. ‘ಎ’ ಇಬ್ಬರಿಗೂ ಒಂದೇ. ಮನೆ ಯಾರದೆಂದು ಹೇಳುವ ಹೊಣೆ ಆ ಪದದ ಮೊದಲಕ್ಷರದ್ದು. ಹಾಗೆಯೇ ‘ಬೆನ್’ ಎಂದರೆ ಹೆಣ್ಣು. ಅದಕ್ಕೆ ಇಂಗ್ಲಿಷಿನ ‘ದಿ’ಯಂಥ ನಿರ್ದೇಶಕ ಪದ ‘ಅನ್’ ಸೇರಿದರೆ ‘ಅನ್ ವೆನ್’ ಆಗುತ್ತದೆ.

ನಮಗೆ ಇದು ತೀರಾ ಅಪರಿಚಿತವಲ್ಲ. ಮಳೆಯ ಪಕ್ಕಕ್ಕೆ ಬಂದ ಕಾಲ ‘ಗಾಲ’ವಾಗುವುದನ್ನು ಆದೇಶ ಸಂಧಿಯ ಪಾಠದಲ್ಲಿ ಓದಿದ್ದೇವೆ. ಆದರೆ ‘ಗಾಲ’ ಎಂದೂ ಒಂಟಿಯಾಗಿ ಓಡಾಡುವುದಿಲ್ಲ. ಮ್ಯಾಂಕ್ಸ್‌ನಲ್ಲಿ ‘ವೆನ್’ ಬಿಡಿ ಪದವಾಗಿಯೇ ಪುಟದ ಮೇಲೆ ನಿಲ್ಲುತ್ತದೆ. ಸೋದರ ಭಾಷೆಯಾದ ಐರಿಷ್‌ನಲ್ಲೂ ಇದೇ ಬದಲಾವಣೆ ಉಂಟು. ಅಲ್ಲಿ ಮೂಲ ಅಕ್ಷರವನ್ನು ಉಳಿಸಿಕೊಂಡು ಪಕ್ಕದಲ್ಲೊಂದು ಗುರುತು ಹಾಕುತ್ತಾರೆ, ಬೇರು ಕಣ್ಣಿಗೆ ಕಾಣುತ್ತದೆ. ಮ್ಯಾಂಕ್ಸ್ ಬರಹವೋ ಇಂಗ್ಲಿಷ್ ಕಾಗುಣಿತದ ಜಾಡು ಹಿಡಿದದ್ದು, ಕಿವಿಗೆ ಕೇಳಿದಂತೆ ಬರೆಯುವಂಥದ್ದು. ಅದರಲ್ಲಿ ಬೇರು ಮರೆಯಾಗಿಬಿಡುತ್ತದೆ. ‘ವ’ಕಾರದ ಪದವೊಂದು ಎದುರಾದರೆ ಅದು ‘ಬ’ದಿಂದ ಬಂದದ್ದೋ ‘ಮ’ದಿಂದ ಬಂದದ್ದೋ? ಭಾಷೆ ಬಲ್ಲವನಿಗಷ್ಟೇ ಗೊತ್ತು. ಬಲ್ಲವನಿಗೆ ನಿಘಂಟಾದರೂ ಏಕೆ ಬೇಕು!

ಈ ತೊಡಕಿಗೆ ದಾರಿ ಹುಡುಕಿದವನು ವಿಶ್ವವಿದ್ಯಾಲಯದ ಪಂಡಿತನಲ್ಲ. ಐರ್ಲೆಂಡ್ ಮತ್ತು ಬ್ರಿಟನ್ ನಡುವಿನ ಸಮುದ್ರದಲ್ಲಿರುವ ಮ್ಯಾನ್ ದ್ವೀಪದ ದಕ್ಷಿಣಕ್ಕೆ ಕೋಲ್ಬಿ ಎಂಬ ಹಳ್ಳಿಯಿದೆ. ಆರ್ಚಿಬಾಲ್ಡ್ ಕ್ರೆಜೀನ್ 1774ರಲ್ಲಿ ಅಲ್ಲಿ ಹುಟ್ಟಿದ. ಕಸುಬಿನಲ್ಲಿ ಕಲ್ಲುಕುಟಿಗ, ಗೋರಿಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದ. 1813ರಲ್ಲಿ ರಶೆನ್ ವಿಭಾಗದ ‘ಕರೋನರ್’ ಆದ. ಹೆಸರು ಕೇಳಿ ಶವಪರೀಕ್ಷೆಯ ನೆನಪಾಗಬಾರದು. ಆ ದ್ವೀಪದಲ್ಲಿ ಕರೋನರ್ ಎಂದರೆ ನಮ್ಮ ನ್ಯಾಯಾಲಯದ ಅಮೀನನ ಹಾಗೆ, ಸಮನ್ಸ್ ತಲುಪಿಸುವವನು, ಸಾಲ ವಸೂಲಿಗೆ ಬಾಗಿಲು ತಟ್ಟುವವನು. ಮನೆಮನೆಯ ಮಾತು ಕಿವಿಗೆ ಬೀಳಲು ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ, ಬಾಗಿಲು ತೆರೆದವರು ಆಡಿದ್ದು ಬರಿಯ ಬೈಗುಳವೇ ಆಗಿದ್ದರೂ.

ಅವನಿಗಿಂತ ಮೊದಲು ಜಾನ್ ಕೆಲ್ಲಿ ಎಂಬ ಪಾದ್ರಿ ನಿಘಂಟಿಗೆ ಕೈಹಾಕಿದ್ದ. ಯುವಕನಾಗಿದ್ದಾಗ, 1771ರಲ್ಲಿ, ಹಡಗು ಒಡೆದು ನೀರುಪಾಲಾದರೂ ಮ್ಯಾಂಕ್ಸ್ ಬೈಬಲ್ಲಿನ ಹಸ್ತಪ್ರತಿಯನ್ನು ಐದು ಗಂಟೆ ಕಾಲ ನೀರಿನ ಮೇಲೆತ್ತಿ ಹಿಡಿದು ಉಳಿಸಿದವನು ಅವನು. ನೀರಿನಿಂದ ಪರರ ಹಾಳೆಗಳು ಉಳಿದವು, ಬೆಂಕಿಯಿಂದ ತನ್ನವು ಉಳಿಯಲಿಲ್ಲ: ಅಚ್ಚಾಗುತ್ತಿದ್ದ ಅವನ ತ್ರಿಭಾಷಾ ನಿಘಂಟು 1808ರಲ್ಲಿ ಲಂಡನ್ನಿನ ಮುದ್ರಣಾಲಯದ ಬೆಂಕಿಗೆ ಆಹುತಿಯಾಯಿತು. ಕೆಲ್ಲಿಯ ಮ್ಯಾಂಕ್ಸ್–ಇಂಗ್ಲಿಷ್ ನಿಘಂಟು ಹೊರಬಂದದ್ದು 1866ರಲ್ಲಿ, ಅವನು ಸತ್ತು ಅರ್ಧ ಶತಮಾನ ಕಳೆದ ಮೇಲೆ.

ಹೀಗಾಗಿ ಮೊದಲು ಓದುಗರ ಕೈಸೇರಿದ್ದು ಕಲ್ಲುಕುಟಿಗನ ನಿಘಂಟೇ. ದ್ವೀಪದ ಪಟ್ಟಣವಾದ ಡಗ್ಲಸ್‌ನಲ್ಲಿ ಅಚ್ಚಾದ ಅದರ ಶೀರ್ಷಿಕೆ ಪುಟದಲ್ಲಿ 1835 ಎಂದಿದೆ. ನಶಿಸುತ್ತಿರುವ ನುಡಿಗೆ ಇಷ್ಟು ದುಡಿಯುವುದನ್ನು ಕಂಡು ತನ್ನವರೇ ಕೆಲವರು ನಗಬಹುದೆಂದು ಮುನ್ನುಡಿಯಲ್ಲಿ ಮೊದಲೇ ಹೇಳಿಕೊಂಡಿದ್ದಾನೆ. ಪದಗಳ ಜೊತೆಗೆ ಊರ ಗಾದೆಗಳನ್ನೂ ಕೊಟ್ಟಿದ್ದಾನೆ. ಅವನ ಮುಖ್ಯ ಉಪಾಯ ಮಾತ್ರ ತೀರಾ ಸರಳ: ರೂಪ ಬದಲಿಸಿದ ಪದವನ್ನು ಬದಲಾದ ರೂಪದಲ್ಲೇ, ಅದೇ ಅಕ್ಷರದ ಕೆಳಗೆ ಕೊಟ್ಟು, ಮೂಲಾಕ್ಷರ ಯಾವುದೆಂದು ಸೂಚಿಸಿದ. ‘ವೆನ್’ ಹುಡುಕುವವನಿಗೆ ಅದು ‘ವ’ದಲ್ಲೇ ಸಿಗುತ್ತದೆ.

ಇತ್ತೀಚಿನ ವಿದ್ವಾಂಸರು ಈ ನಿಘಂಟನ್ನು ಮರುಜೋಡಿಸಿ, ಚದುರಿದ ರೂಪಗಳನ್ನು ಅವುಗಳ ಬೇರಿನಡಿ ಒಟ್ಟುಗೂಡಿಸಿದ್ದಾರೆ. ಸಂಶೋಧನೆಗೆ ಅದೇ ಅನುಕೂಲ, ತಕರಾರಿಲ್ಲ. ನನಗೆ ಮಾತ್ರ ಹಳೆಯ ಮುದ್ರಣದ ‘ವ’ ವಿಭಾಗವೇ ಇಷ್ಟ: ಅಲ್ಲಿರುವ ಬಹುಪಾಲು ಪದಗಳು ಬೇರೆ ಅಕ್ಷರದ ಮನೆಯಿಂದ ಬಂದ ನೆಂಟರು.