ಕ್ಲ್ಯಾಂಪ್ ಕೈಯಲ್ಲಿ ಹಿಡಿದವರಿಗೊಂದು ಕೈಪಿಡಿ

ಮನೆಯ ವಿದ್ಯುತ್ ಬಳಕೆಯನ್ನು ಅಳೆದು ತೋರಿಸುವ ಒಂದು ಸಾಧನದ ಕೈಪಿಡಿಯಲ್ಲಿ ನಾನು ತಿದ್ದಲು ಕೈಗೆತ್ತಿಕೊಂಡ ಪುಟದ ನಾಲ್ಕನೆಯ ಹಂತ ಹೀಗಿತ್ತು: ‘ಸೆನ್ಸರನ್ನು ಮನೆಯ ಮುಖ್ಯ ಕೇಬಲ್‌ಗೆ ಹಾಕಿ. ಮುಂದಿನ ಪುಟಕ್ಕೆ ಹೋಗಿ.’ ಬರೆದವರು ಆ ಸಾಧನವನ್ನು ಸ್ವತಃ ವಿನ್ಯಾಸ ಮಾಡಿದ ಎಂಜಿನಿಯರ್. ಹೇಳಬೇಕಾದದ್ದೆಲ್ಲ ಆ ಎರಡು ವಾಕ್ಯಗಳಲ್ಲಿ ಬಂದಿದೆ ಎಂದೇ ಅವರಿಗೆ ಅನ್ನಿಸಿತ್ತು.

ಮುಕ್ತ ತಂತ್ರಾಂಶ ಯೋಜನೆಗಳ ಜಾಲತಾಣಗಳಿಗೆ ಕೈಪಿಡಿ ಬರೆಯುವುದು, ಬರೆದಿರುವುದನ್ನು ತಿದ್ದುವುದು ನನ್ನ ವೃತ್ತಿ. ಯಾವುದೇ ಪುಟಕ್ಕೆ ಕೈ ಹಾಕುವ ಮೊದಲು, ಅದನ್ನು ಹಿಂದೆ ನೋಡಿಯೇ ಇರದ ಒಬ್ಬರನ್ನು ಕೂರಿಸಿ, ಪುಟ ಹೇಳಿದಷ್ಟನ್ನೇ ಮಾಡಿ ಎಂದು ಕೇಳಿಕೊಂಡು, ಪಕ್ಕದಲ್ಲಿ ಬಾಯಿ ಬಿಡದೆ ಕೂರುತ್ತೇನೆ. ಈ ಸಾಧನದ ಪುಟವನ್ನು ಹಿಡಿದು ಕುಳಿತವರು ಗಣಿತ ಕಲಿಸಿ ನಿವೃತ್ತರಾದ ಒಬ್ಬ ಶಿಕ್ಷಕಿ. ಅವರ ಮನೆಯಲ್ಲಿ ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬೂದು ಬಣ್ಣದ ದಪ್ಪ ಕೇಬಲ್ ಬರುತ್ತದೆ. ಹೊರಗೆ ಒಂದೇ ಹೊದಿಕೆ, ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ. ಆ ಸೆನ್ಸರ್ ಎಂದರೆ ವೈರಿನ ಸುತ್ತ ತೆರೆದು ಮುಚ್ಚುವ ಒಂದು ಕ್ಲ್ಯಾಂಪ್. ಅವರು ಅದನ್ನು ಬಿಚ್ಚಿ, ಆ ಬೂದು ಕೇಬಲ್ಲಿನ ಸುತ್ತ ಇಟ್ಟು ಮುಚ್ಚಿದರು. ಪುಟ ಹೇಳಿದ್ದು ಅದನ್ನೇ.

ಪರದೆಯ ಮೇಲೆ 0 ವಾಟ್ ಬಂತು. ಫ್ರಿಜ್ ಓಡುತ್ತಿತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅವರು ಕ್ಲ್ಯಾಂಪ್ ತೆಗೆದು ಮತ್ತೆ ಹಾಕಿದರು, ಪಿನ್ ಕಿತ್ತು ಇನ್ನೊಂದು ಜ್ಯಾಕಿಗೆ ಚುಚ್ಚಿದರು, ಸಾಧನವನ್ನು ಆರಿಸಿ ಹೊತ್ತಿಸಿದರು, ಪುಟವನ್ನು ಮೊದಲಿನಿಂದ ಓದಿದರು. ಮುಕ್ಕಾಲು ಗಂಟೆಯಾದ ಮೇಲೆ ‘ಸೆನ್ಸರೇ ಕೆಟ್ಟಿರಬೇಕು, ವಾಪಸ್ ಕಳಿಸಿಬಿಡುತ್ತೇನೆ’ ಎಂದರು. ಆ ಹೊತ್ತಿಗೆ ಸುಮ್ಮನಿರುವುದು ನನಗೆ ಕಷ್ಟವಾಗಿತ್ತು.

ಕೆಟ್ಟದ್ದು ಯಾವುದೂ ಇರಲಿಲ್ಲ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಂದು ಕರೆಯುವ ಈ ಕ್ಲ್ಯಾಂಪ್ ಸೆನ್ಸರ್ ತನ್ನ ಉಂಗುರದೊಳಗೆ ಹಾದುಹೋಗುವ ಎಲ್ಲ ಪ್ರವಾಹಗಳ ಮೊತ್ತವನ್ನು ಅಳೆಯುತ್ತದೆ. ಫೇಸಿನಲ್ಲಿ ಒಳಗೆ ಬಂದಷ್ಟೇ ನ್ಯೂಟ್ರಲ್‌ನಲ್ಲಿ ಹಿಂದಿರುಗುವುದರಿಂದ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸೆನ್ಸರ್ ತೋರಿಸಿದ ಸೊನ್ನೆ ಅದರ ಮಟ್ಟಿಗೆ ಸರಿಯಾದ ಉತ್ತರವೇ. ಒಂದೇ ವೈರಿನ ಸುತ್ತ ಹಾಕಬೇಕು ಎಂಬ ಒಂದು ಮಾತು ಪುಟದಲ್ಲಿ ಇದ್ದಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಇಂಥ ಸಾಧನಗಳ ಕೈಪಿಡಿ ಬರೆಯುವುದು ಬೇರೆ ತಂತ್ರಾಂಶಗಳ ಕೈಪಿಡಿ ಬರೆದಂತಲ್ಲ ಎಂದು ನನಗೆ ಮನವರಿಕೆಯಾದದ್ದು ಆ ದಿನ. ಬೇರೆ ಕಡೆ ಓದುಗ ತಪ್ಪು ಮಾಡಿದರೆ ಕೆಂಪು ಅಕ್ಷರದ ಸಂದೇಶ ಬರುತ್ತದೆ ಅಥವಾ ಪ್ರೋಗ್ರಾಮ್ ನಿಂತುಹೋಗುತ್ತದೆ. ಅಳತೆಯ ಸಾಧನ ಹಾಗೆ ನಿಲ್ಲುವುದಿಲ್ಲ. ಅದು ಏನಾದರೂ ಒಂದು ಅಂಕಿಯನ್ನು ತೋರಿಸಿಯೇ ತೋರಿಸುತ್ತದೆ, ತಪ್ಪು ಅಂಕಿಯೂ ಸರಿಯಾದದ್ದರಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಸೊನ್ನೆಯಾದರೂ ಅನುಮಾನ ಹುಟ್ಟಿಸುತ್ತದೆ. ನಿಜಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ತೋರಿಸುವ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ. ‘ನಮ್ಮ ಮನೆಯಲ್ಲಿ ಇಷ್ಟೊಂದು ಖರ್ಚಾಗುತ್ತಿದೆಯೇ’ ಎಂದು ಬೇಸರಪಟ್ಟುಕೊಂಡು ತಿಂಗಳುಗಟ್ಟಲೆ ಅದನ್ನೇ ನಂಬುತ್ತಾರೆ. ಹಾಗಾಗಿ ಹೇಗೆ ಮಾಡಬೇಕು ಎನ್ನುವುದರ ಜೊತೆಗೆ, ಮಾಡಿದ್ದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎನ್ನುವುದನ್ನೂ ಪ್ರತಿ ಹಂತದಲ್ಲಿ ಬರೆಯಲೇಬೇಕು ಎಂಬುದು ನನ್ನ ಪಟ್ಟು.

ಇಮ್ಮಡಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಇಂಥ ಯೋಜನೆಗಳಲ್ಲಿ ತುಂಬ ಬಳಕೆಯಾಗುವ ಸೆನ್ಸರ್ ಎಸ್‌ಸಿಟಿ-013-000. ಅದರ ಉಂಗುರದೊಳಗೆ ಹಾದುಹೋಗುವ ವೈರಿನಲ್ಲಿ 100 ಆಂಪಿಯರ್ ಹರಿದರೆ ಅದು 50 ಮಿಲಿಆಂಪಿಯರ್ ಹೊರಗೆ ಕೊಡುತ್ತದೆ, ಅಂದರೆ 2000ಕ್ಕೆ 1ರ ಅನುಪಾತ. ಸಾಧನದ ಬೋರ್ಡಿನ ಮೇಲಿರುವ ಪುಟ್ಟ ಕಂಪ್ಯೂಟರ್, ಅಂದರೆ ಮೈಕ್ರೊಕಂಟ್ರೋಲರ್, ಪ್ರವಾಹವನ್ನು ನೇರವಾಗಿ ಓದಲಾರದು, ವೋಲ್ಟೇಜನ್ನು ಮಾತ್ರ ಓದಬಲ್ಲದು. ಅದಕ್ಕಾಗಿ ಸೆನ್ಸರಿನ ಎರಡು ತುದಿಗಳ ನಡುವೆ ಬರ್ಡನ್ ರೆಸಿಸ್ಟರ್ ಎಂಬ ಚಿಕ್ಕ ರೋಧಕವನ್ನು ಕೂರಿಸುತ್ತಾರೆ. 5 ವೋಲ್ಟಿನ ಬೋರ್ಡಿಗೆ 33 ಓಮ್, 3.3 ವೋಲ್ಟಿನ ಬೋರ್ಡಿಗೆ 18 ಓಮ್ ಹೊಂದುತ್ತದೆ. ಅನುಪಾತವನ್ನು ಈ ಓಮ್‌ನಿಂದ ಭಾಗಿಸಿದರೆ ಸಿಗುವುದೇ ಅಳತೆಯನ್ನು ಸರಿಹೊಂದಿಸಲು ಪ್ರೋಗ್ರಾಮಿನಲ್ಲಿ ಬರೆಯಬೇಕಾದ ಕ್ಯಾಲಿಬ್ರೇಷನ್ ಸಂಖ್ಯೆ: 33 ಓಮ್ ಆದರೆ 60.6, 18 ಓಮ್ ಆದರೆ 111.1.

ಮಾದರಿ ಪ್ರೋಗ್ರಾಮುಗಳಲ್ಲಿ ಈ 111.1 ಕಾಣಸಿಗುತ್ತದೆ. ಪಕ್ಕದಲ್ಲಿ ವಿವರಣೆ ಇಲ್ಲದಿದ್ದರೆ ಅದು ಯಾವುದೋ ನಿಸರ್ಗ ನಿಯಮದ ಸ್ಥಿರಾಂಕದಂತೆ ಕಾಣುತ್ತದೆ. 33 ಓಮ್ ಹಾಕಿಕೊಂಡವರು ಅದನ್ನು ಹಾಗೆಯೇ ನಕಲು ಮಾಡುತ್ತಾರೆ, 2000 ವಾಟ್‌ನ ಹೀಟರ್ ಪರದೆಯ ಮೇಲೆ ಸುಮಾರು 3670 ವಾಟ್ ಆಗುತ್ತದೆ. ಇದರ ಜೊತೆಗೆ, ನೋಡಲು ತದ್ರೂಪವಾಗಿರುವ ಎಸ್‌ಸಿಟಿ-013-030 ಎಂಬ ಇನ್ನೊಂದು ಸೆನ್ಸರ್ ಇದೆ. ಅದರೊಳಗೆ ಬರ್ಡನ್ ರೆಸಿಸ್ಟರ್ ಮೊದಲೇ ಇರುತ್ತದೆ, 30 ಆಂಪಿಯರಿಗೆ ಅದು 1 ವೋಲ್ಟ್ ಕೊಡುತ್ತದೆ. ಅದಕ್ಕೆ ಹೊರಗಿನಿಂದ ಮತ್ತೊಂದು ರೋಧಕ ಹಾಕಿದರೆ ಲೆಕ್ಕವೆಲ್ಲ ತಲೆಕೆಳಗು. ‘ನಿಮ್ಮ ಸೆನ್ಸರಿನ ಮೈಮೇಲೆ ಏನು ಅಚ್ಚಾಗಿದೆ ಎಂದು ಮೊದಲು ಓದಿ: 100ಎ:50ಎಂಎ ಎಂದಿದ್ದರೆ ಮುಂದಿನ ಹಂತಕ್ಕೆ ಹೋಗಿ, 30ಎ/1ವಿ ಎಂದಿದ್ದರೆ ರೋಧಕದ ಹಂತವನ್ನು ಬಿಟ್ಟುಬಿಡಿ’ ಎಂಬ ಎರಡು ಸಾಲನ್ನು ನಾನು ಸೇರಿಸಿದೆ. ಆ ಪುಟಕ್ಕೆ ನಾನು ಬರೆದ ಎಲ್ಲದರಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಎರಡು ಸಾಲು ಎಂದೇ ನನ್ನ ಎಣಿಕೆ.

ಆಮೇಲೆ ಪರೀಕ್ಷೆಯ ಹಂತ. ಬರೀ ಬಿಸಿ ಮಾಡುವ, ಮೋಟಾರಿಲ್ಲದ ಒಂದು ಉಪಕರಣ ಹುಡುಕಿ, ಅದರ ಹಣೆಪಟ್ಟಿಯ ಮೇಲಿನ ವಾಟ್ ಓದಿ, ಅದನ್ನು ಹೊತ್ತಿಸಿ ಪರದೆಯ ಅಂಕಿ ಎಷ್ಟು ಏರಿತು ನೋಡಿ ಎಂದು ಬರೆದೆ. 2000 ವಾಟ್ ಎಂದಿದ್ದರೆ 1800ರಿಂದ 2200ರ ನಡುವೆ ಏರಿದರೂ ಚಿಂತೆಯಿಲ್ಲ. ವೋಲ್ಟೇಜ್ ಶೇಕಡಾ 5 ಇಳಿದರೆ ಹೀಟರಿನ ವಾಟ್ ಸುಮಾರು ಶೇಕಡಾ 10 ಇಳಿಯುತ್ತದೆ, ಅದು ಸಾಧನದ ತಪ್ಪಲ್ಲ. 3600ರ ಆಸುಪಾಸು ಬಂದರೆ ಬರ್ಡನ್ ಮತ್ತು ಕ್ಯಾಲಿಬ್ರೇಷನ್ ಹೊಂದುತ್ತಿಲ್ಲ. ಅಲುಗದೆ ಸೊನ್ನೆಯಲ್ಲೇ ಇದ್ದರೆ ಕ್ಲ್ಯಾಂಪಿನೊಳಗೆ ಎರಡು ವೈರುಗಳಿವೆ. ವೋಲ್ಟೇಜನ್ನೂ ಅಳೆಯುವ ಸಾಧನದಲ್ಲಿ ಅಂಕಿಗೆ ಮೈನಸ್ ಚಿಹ್ನೆ ಬಂದರೆ ಕ್ಲ್ಯಾಂಪ್ ತಿರುಗುಮುರುಗಾಗಿದೆ, ತೆಗೆದು ಬಾಣದ ಗುರುತನ್ನು ತಿರುಗಿಸಿ ಹಾಕಿದರೆ ಸರಿಹೋಗುತ್ತದೆ. ‘ದೋಷ ಪರಿಹಾರ’ ಎಂಬ ಹೆಸರಿನಲ್ಲಿ ಇವೆಲ್ಲ ಬೇರೊಂದು ಪುಟದಲ್ಲಿ ಇದ್ದವು. ಅಲ್ಲಿಗೆ ಹೋಗಬೇಕಾದರೆ ತನ್ನಲ್ಲಿ ದೋಷವಿದೆ ಎಂದು ಓದುಗನಿಗೆ ಮೊದಲೇ ಗೊತ್ತಿರಬೇಕಲ್ಲ! ಕೆಲಸ ನಡೆಯುವ ಹಂತದಲ್ಲೇ ಅವನ್ನು ತಂದು ಕೂರಿಸಿದೆ.

ಸುರಕ್ಷತೆಯ ಎಚ್ಚರಿಕೆಯೂ ಹೀಗೆಯೇ ದೂರ ಕುಳಿತಿತ್ತು, ಪುಟದ ಬುಡದಲ್ಲಿ. ಓದುಗ ಅಲ್ಲಿಗೆ ತಲುಪುವಷ್ಟರಲ್ಲಿ ಅವನ ಕೈ ಪೆಟ್ಟಿಗೆಯೊಳಗೆ ಹೋಗಿರುತ್ತದೆ. ಕ್ಲ್ಯಾಂಪ್ ಹಾಕಲು ವೈರ್ ಕತ್ತರಿಸಬೇಕಿಲ್ಲ ನಿಜ, ಆದರೆ ಮುಚ್ಚಳ ತೆಗೆದ ಪೆಟ್ಟಿಗೆಯೊಳಗೆ ಬರಿಮೈ ಲೋಹದಲ್ಲಿ ವಿದ್ಯುತ್ ಇರುತ್ತದೆ. ಹೊದಿಕೆ ಇಲ್ಲದ ವೈರಿಗೆ ಕ್ಲ್ಯಾಂಪ್ ಹಾಕಬಾರದು. ಪ್ರವಾಹ ಹರಿಯುತ್ತಿರುವಾಗ ಸಿಟಿಯ ತುದಿಗಳನ್ನು ಬಿಡಿಯಾಗಿ ಬಿಡಬಾರದು, ಒಳಗೆ ರಕ್ಷಣೆ ಇಲ್ಲದ ಸಿಟಿಯಾದರೆ ಆ ತುದಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಏಳುತ್ತದೆ. ಆದ್ದರಿಂದ ಮೊದಲು ಸಾಧನಕ್ಕೆ ಪಿನ್ ಚುಚ್ಚಿ, ಆಮೇಲೆ ವೈರಿಗೆ ಕ್ಲ್ಯಾಂಪ್. ತೆಗೆಯುವಾಗ ಇದರ ಉಲ್ಟಾ. ಪೆಟ್ಟಿಗೆ ತೆರೆಯಲು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ ಎಂಬ ಮಾತು ಕ್ಲ್ಯಾಂಪಿನ ಹಂತಕ್ಕಿಂತ ಮೇಲೆ, ಅದೇ ಗಾತ್ರದ ಅಕ್ಷರದಲ್ಲಿ ಇರಬೇಕು. ಇದರಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಈ ಪುಟಗಳನ್ನು ಕನ್ನಡಕ್ಕೆ ತರಲು ಕುಳಿತಾಗ ಇನ್ನೊಂದು ಗಂಟು ಎದುರಾಯಿತು. ಆಡುಮಾತಿನಲ್ಲಿ ‘ಕರೆಂಟ್’ ಎಂದರೆ ಎಲ್ಲವೂ: ಮನೆಗೆ ಬರುವ ಸರಬರಾಜು, ಮುಟ್ಟಿದರೆ ಹೊಡೆಯುವುದು, ತಿಂಗಳ ಬಿಲ್ಲು. ಆಂಪಿಯರಿನಲ್ಲಿ ಅಳೆಯುವುದಕ್ಕೂ ಅದೇ ಪದ ಬಳಸಿದರೆ ಓದುಗ ದಾರಿ ತಪ್ಪುತ್ತಾನೆ. ‘ಶಕ್ತಿ’ಯ ಕಥೆಯೂ ಅಷ್ಟೇ. ವಾಟ್ ಮತ್ತು ಕಿಲೋವಾಟ್-ಗಂಟೆ ಎರಡನ್ನೂ ನಾವು ಶಕ್ತಿ ಎಂದುಬಿಡುತ್ತೇವೆ. ಪಠ್ಯಪುಸ್ತಕಗಳು ಒಂದನ್ನು ಸಾಮರ್ಥ್ಯ, ಇನ್ನೊಂದನ್ನು ಶಕ್ತಿ ಎಂದು ಬೇರ್ಪಡಿಸಿವೆ, ಆದರೆ ಶಾಲೆ ಬಿಟ್ಟ ಮೇಲೆ ಆ ಭೇದವನ್ನು ನೆನಪಿಟ್ಟವರು ಕಡಿಮೆ. ಬಹಳ ಯೋಚಿಸಿ ನಾನು ಆರಿಸಿಕೊಂಡದ್ದು ಹೀಗೆ: ಆಂಪಿಯರಿಗೆ ‘ಪ್ರವಾಹ’, ಈ ಕ್ಷಣದ ವಾಟ್‌ಗೆ ‘ಈಗಿನ ಬಳಕೆ’, ಕಿಲೋವಾಟ್-ಗಂಟೆಗೆ ‘ಯೂನಿಟ್’. ಸಾವಿರ ವಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್ ಎಂಬುದು ಬಿಲ್ಲು ನೋಡುವ ಯಾರಿಗೂ ಅರ್ಥವಾಗುತ್ತದೆ. ಒಮ್ಮೆ ಆರಿಸಿದ ಪದವನ್ನು ಎಲ್ಲ ಪುಟಗಳಲ್ಲೂ ಬದಲಿಸದೆ ಬಳಸಿದೆ. ಪದ ಮತ್ತೆ ಮತ್ತೆ ಬರುತ್ತದೆಂದು ಸಮಾನಾರ್ಥಕ ಹುಡುಕುವುದು ಕಥೆಗೆ ಒಳ್ಳೆಯದು, ಕೈಪಿಡಿಗೆ ಅಲ್ಲ.

ಕ್ಲ್ಯಾಂಪ್ ಬೇಡ, ಮೀಟರಿನ ಮಿನುಗುವ ದೀಪವನ್ನು ಎಣಿಸುತ್ತೇವೆ ಎನ್ನುವವರಿಗೆ ಒಂದೇ ಸಾಲು ಸಾಕಾಯಿತು: ಮೀಟರಿನ ಮೇಲೆ ಯೂನಿಟ್‌ಗೆ 1000 ಮಿನುಗು ಎಂದಿದ್ದರೆ ಒಂದು ಮಿನುಗಿಗೆ 1 ವಾಟ್-ಗಂಟೆ, 3200 ಎಂದಿದ್ದರೆ 0.3125.

ಯಾವ ವಿಷಯ ಯಾವ ಪುಟದಲ್ಲಿರಬೇಕು ಎಂಬ ಪ್ರಶ್ನೆಗೆ ಓಪನ್‌ಎನರ್ಜಿಮಾನಿಟರ್ ಯೋಜನೆಯಿಂದ ನಾನು ಕಲಿತದ್ದುಂಟು. ವಿದ್ಯುತ್ ಬಳಕೆ ಅಳೆಯುವ ಇಂಥದೇ ಮುಕ್ತ ಸಾಧನಗಳನ್ನು ಕಟ್ಟುವ, ವೇಲ್ಸ್‌ನಲ್ಲಿ ನೆಲೆಯಿರುವ ಆ ಯೋಜನೆ ಸಿಟಿ ಹೇಗೆ ಕೆಲಸ ಮಾಡುತ್ತದೆ, ಬರ್ಡನ್ ಲೆಕ್ಕ ಹೇಗೆ ಎಂಬ ಕಲಿಕೆಯ ಪುಟಗಳನ್ನು ಜೋಡಣೆಯ ಪುಟಗಳಿಂದ ಬೇರೆಯಾಗಿಯೇ ಇಟ್ಟಿದೆ. ಏಣಿಯ ಮೇಲೆ ನಿಂತವರಿಗೆ ಸಿಟಿಯ ಹಿಂದಿರುವ ಫ್ಯಾರಡೆಯ ನಿಯಮ ಬೇಡ. ಸಂಜೆ ನಿಧಾನವಾಗಿ ಕುಳಿತು ಓದುವವರಿಗೆ ಅದು ಬೇಕು. ಅಂಕಿಗಳನ್ನು ದಾಖಲಿಸಿ ಗ್ರಾಫ್ ತೋರಿಸುವ, ಅದೇ ಯೋಜನೆಯ ಇಮಾನ್‌ಸಿಎಂಎಸ್ ತಂತ್ರಾಂಶದಲ್ಲಿ ಇನ್‌ಪುಟ್ ಮತ್ತು ಫೀಡ್ ಎಂಬ ಎರಡು ಪರಿಕಲ್ಪನೆಗಳಿವೆ. ಇನ್‌ಪುಟ್ ಕೊನೆಯದಾಗಿ ಬಂದ ಅಂಕಿಯನ್ನಷ್ಟೇ ತೋರಿಸುತ್ತದೆ, ಫೀಡ್‌ಗೆ ದಾಖಲಿಸಲು ಹೇಳಿದಾಗ ಮಾತ್ರ ಅದು ಉಳಿಯುತ್ತದೆ. ಹೊಸಬರು ಅಂಕಿ ಓಡುವುದನ್ನು ಕಂಡು ಎಲ್ಲ ಸರಿಯಾಗಿದೆ ಎಂದುಕೊಂಡು ವಾರ ಬಿಟ್ಟು ಬಂದರೆ ಗ್ರಾಫ್ ಖಾಲಿ. ಇಂಥ ಜಾಗದಲ್ಲಿ ಪರಿಕಲ್ಪನೆಯನ್ನು ವಿವರಿಸುವ ಪುಟ ಬೇರೆ ಇದ್ದರೂ, ಜೋಡಣೆಯ ಪುಟದಲ್ಲಿ ‘ಹತ್ತು ನಿಮಿಷ ಬಿಟ್ಟು ಗ್ರಾಫ್ ತೆರೆಯಿರಿ, ಗೆರೆ ಮೂಡಿರಬೇಕು’ ಎಂಬ ಪರೀಕ್ಷೆ ಬೇಕೇ ಬೇಕು.

ಹಳೆಯ ಪುಟಗಳದ್ದು ದೊಡ್ಡ ಕಾಟ. ಬೋರ್ಡಿನ ಎರಡನೆಯ ಆವೃತ್ತಿಗೆ ಬರೆದದ್ದು, ನಾಲ್ಕನೆಯ ಆವೃತ್ತಿ ಬಂದ ಮೇಲೂ ಹುಡುಕಾಟದಲ್ಲಿ ಮೊದಲು ಸಿಗುತ್ತದೆ. ಅದರಲ್ಲಿ ಸೀರಿಯಲ್ ವೇಗ, ಅಂದರೆ ಬೋರ್ಡ್ ಕಂಪ್ಯೂಟರಿಗೆ ಮಾಹಿತಿ ಕಳಿಸುವ ವೇಗ, 9600 ಎಂದಿರುತ್ತದೆ, ಹೊಸ ಬೋರ್ಡ್ 115200ರಲ್ಲಿ ಮಾತಾಡುತ್ತದೆ, ಓದುಗನ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಹಳೆಯದನ್ನು ಅಳಿಸಬೇಡಿ, ಹಳೆಯ ಬೋರ್ಡ್ ಇಟ್ಟುಕೊಂಡವರಿಗೆ ಅದೇ ಆಸರೆ. ಆದರೆ ಪುಟದ ನೆತ್ತಿಯ ಮೇಲೆ ಇದು ಯಾವ ಆವೃತ್ತಿಗೆ, ಹೊಸದು ಎಲ್ಲಿದೆ ಎಂಬ ಪಟ್ಟಿ ಇರಲಿ. ಆವೃತ್ತಿಯನ್ನು ಬೋರ್ಡಿನ ಮೇಲೆ ಎಲ್ಲಿ ಅಚ್ಚು ಹಾಕಿದ್ದಾರೆ ಎಂಬುದರ ಒಂದು ಚಿತ್ರವೂ ಇರಲಿ. ಕೈಪಿಡಿಯನ್ನು ಪ್ರೋಗ್ರಾಮಿನ ಭಂಡಾರದಲ್ಲೇ ಇಟ್ಟರೆ, ವೇಗ ಬದಲಿಸಿದವರೇ ಆ ಬದಲಾವಣೆಯ ಜೊತೆಯಲ್ಲೇ ಪುಟವನ್ನೂ ತಿದ್ದಬಹುದು. ಪರಿಶೀಲಿಸುವವರು ಎರಡನ್ನೂ ಒಟ್ಟಿಗೆ ನೋಡುತ್ತಾರೆ.

ಇನ್ನು, ಸಾಧನಕ್ಕೆ ಆಗದ್ದನ್ನು ಹೇಳುವುದು. ಯೋಜನೆ ಕಟ್ಟಿದವರಿಗೆ ಇದು ಸ್ವಲ್ಪ ನೋಯುತ್ತದೆ, ನನಗೆ ಗೊತ್ತು. ಆದರೂ ಬರೆಯಬೇಕು. 100 ಆಂಪಿಯರಿನ ಸೆನ್ಸರನ್ನು 33 ಓಮ್ ರೋಧಕದೊಂದಿಗೆ 5 ವೋಲ್ಟಿನ, 10 ಬಿಟ್‌ನ (ಅಂದರೆ ಆ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಓದುವ) ಬೋರ್ಡಿಗೆ ಕಟ್ಟಿದರೆ, ಅಳತೆಯ ಒಂದು ಮೆಟ್ಟಿಲು ಸುಮಾರು 0.3 ಆಂಪಿಯರ್, 230 ವೋಲ್ಟಿನಲ್ಲಿ ಅದು 68 ವಾಟ್. ಹಲವು ಅಳತೆಗಳ ಸರಾಸರಿ ತೆಗೆದರೆ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಆದರೂ 5 ವಾಟ್‌ನ ಒಂದು ದೀಪವನ್ನು ಅದು ನಂಬುವಂತೆ ಹಿಡಿಯಲಾರದು. ಚಿಕ್ಕ ಉಪಕರಣವೊಂದನ್ನೇ ಅಳೆಯಬೇಕಾದರೆ ಅದರ ಹೊದಿಕೆಯುಳ್ಳ ಫೇಸ್ ವೈರನ್ನು ಕ್ಲ್ಯಾಂಪಿನೊಳಗೆ ಐದು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಐದರಿಂದ ಭಾಗಿಸುವ ಉಪಾಯವಿದೆ. ಮಿತಿಯನ್ನೂ ಉಪಾಯವನ್ನೂ ಒಂದೇ ಕಡೆ ಬರೆದೆ.

‘ಇಷ್ಟೆಲ್ಲ ಸೇರಿಸಿದರೆ ಪುಟ ಉದ್ದವಾಗುತ್ತದೆ, ಯಾರು ಓದುತ್ತಾರೆ’ ಎಂದು ಆ ಎಂಜಿನಿಯರ್ ಕೇಳಿದರು. ನಾನು ವಾದ ಮಾಡಲಿಲ್ಲ. ‘ಸರ್, ಮುಂದಿನ ಬಾರಿ ನೀವೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳಿ’ ಎಂದೆ. ಬಂದರು. ಈ ಸಲ ಕುಳಿತವನು ಒಬ್ಬ ಹುಡುಗ, ಕಾಲೇಜಿನ ಮೊದಲ ವರ್ಷ. ನಾಲ್ಕನೆಯ ಹಂತ ಈಗ ಹೀಗಿದೆ:

‘ಮೇನ್ ಸ್ವಿಚ್ಚಿನಿಂದ ಹೊರಡುವ ವೈರುಗಳಲ್ಲಿ ಫೇಸ್ ಯಾವುದು ಎಂದು ಎಲೆಕ್ಟ್ರಿಷಿಯನ್ನರಿಂದ ಗುರುತು ಮಾಡಿಸಿಕೊಳ್ಳಿ. ಆ ಒಂದು ವೈರಿನ ಸುತ್ತ ಮಾತ್ರ ಅವರ ಕೈಯಿಂದ ಕ್ಲ್ಯಾಂಪ್ ಹಾಕಿಸಿ. ಪರದೆಯಲ್ಲಿ ಸೊನ್ನೆಗಿಂತ ಹೆಚ್ಚಿನ ಅಂಕಿ ಕಾಣಬೇಕು. ಈಗ ಹೀಟರ್ ಹೊತ್ತಿಸಿ.’

ಹುಡುಗ ಹೀಟರ್ ಹೊತ್ತಿಸಿದ. ಅಂಕಿ 310ರಿಂದ ಜಿಗಿದು ಮೈನಸ್ ಇಲ್ಲದೆ 2240ಕ್ಕೆ ನಿಂತಿತು. ಅವನು ಹೀಟರಿನ ಹಣೆಪಟ್ಟಿ ನೋಡಿದ, ಪುಟ ನೋಡಿದ, ಬೆರಳು ಮಡಿಸಿ ಕಳೆದ, ತಲೆಯಾಡಿಸಿ ಐದನೆಯ ಹಂತಕ್ಕೆ ಹೋದ. ಎಂಜಿನಿಯರ್ ತಮ್ಮ ಲ್ಯಾಪ್‌ಟಾಪ್ ತೆರೆದು, ಮೂರು ಫೇಸ್ ಮನೆಗಳ ಪುಟವನ್ನು ತೋರಿಸಿ, ‘ಇದನ್ನೂ ಹೀಗೆಯೇ ಮಾಡಬೇಕಲ್ಲವೇ’ ಎಂದರು. ಅದರಲ್ಲಿ ಇರುವುದು ಇನ್ನೂ ಒಂದೇ ಸಾಲು.