ಗದ್ದಲದ ಹೊಳೆಯಲ್ಲಿ ಕಾಲೆತ್ತಿ ಮಾತು

ಹೆಬ್ರಿ ದಾಟಿ ಸೀತಾ ನದಿಯ ಬದಿಗೆ ಇಳಿದರೆ ಮೊದಲು ಸೋಲುವುದು ಕಿವಿ. ಪಾದೆಕಲ್ಲಿನ ಮೇಲೆ ಪಕ್ಕದಲ್ಲೇ ಕೂತಿದ್ದ ಭಾವ ಏನೋ ಹೇಳಿದರು. ನನಗೆ ಕೇಳಿಸಿದ್ದು ನೀರು ಮಾತ್ರ. ಮೂರನೆಯ ಸಲಕ್ಕೆ ಅವರು ಮಾತಿನ ಆಸೆ ಬಿಟ್ಟು ಎದುರಿನ ಬಂಡೆಯತ್ತ ಬೆರಳು ತೋರಿಸಿದರು. ಅಲ್ಲೊಂದು ಕುಂಡೆಕುಸ್ಕ ಹಕ್ಕಿ ಬಾಲ ಕುಣಿಸುತ್ತಾ ನಿಂತಿತ್ತು.

ನೀರು ಕಲ್ಲಿಗೆ ಬಡಿದು ಸದ್ದಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಹೆಚ್ಚಿನ ಸದ್ದು ಗುಳ್ಳೆಗಳದ್ದು. ಧುಮುಕುವ ನೀರು ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಹಾಗೆ ಹುಟ್ಟಿದ ಗುಳ್ಳೆ ಹಿಗ್ಗಿ ಕುಗ್ಗಿ ಪುಟ್ಟ ಗಂಟೆಯಂತೆ ಮಿಡಿಯುತ್ತದೆ. ಮಾರ್ಸೆಲ್ ಮಿನಾರ್ಟ್ ಎಂಬ ಖಗೋಳ ವಿಜ್ಞಾನಿ 1933ರಲ್ಲಿ ಇದರ ಲೆಕ್ಕ ಕೊಟ್ಟರು. (ನಕ್ಷತ್ರ ನೋಡುವವರಿಗೆ ಗುಳ್ಳೆಯ ಉಸಾಬರಿ ಏಕೆ ಎಂದು ಕೇಳಬೇಡಿ, ಕುತೂಹಲಕ್ಕೆ ಇಲಾಖೆಗಳಿಲ್ಲ.) ಆ ಲೆಕ್ಕದ ಪ್ರಕಾರ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಮಿಡಿದರೆ, 10 ಮಿಲಿಮೀಟರಿನದು ಸುಮಾರು 330 ಸಲ. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗು. ಸಣ್ಣ ತೋಡು ಜುಳುಜುಳು ಎನ್ನುವುದಕ್ಕೂ ಮಳೆಗಾಲದ ಅಬ್ಬಿ ಗುಡುಗುವುದಕ್ಕೂ ಇಲ್ಲೇ ಒಂದು ಕಾರಣ ಸಿಗುತ್ತದೆ.

ಹೊಳೆಯ ಗದ್ದಲದಲ್ಲಿ ತಗ್ಗಿನ ಸ್ವರಗಳದ್ದೇ ಜೋರು. ಬೂದು ಕುಂಡೆಕುಸ್ಕದ ಕೂಗು ಸೂಜಿಯಂತೆ ಚೂಪು, ಆ ಗದ್ದಲವನ್ನು ಮೇಲಿನಿಂದ ಚುಚ್ಚಿಕೊಂಡು ಬರುತ್ತದೆ. ಮಿಂಚುಳ್ಳಿಯದೂ ಹಾಗೆಯೇ. ಮಲಬಾರ್ ವಿಸ್ಲಿಂಗ್ ಥ್ರಶ್ ಎಂಬ ಕಡುನೀಲಿ ಸಿಳ್ಳಾರದ ದಾರಿ ಬೇರೆ. ಬೆಳಕು ಹರಿಯುವ ಮೊದಲೇ, ಯಾವನೋ ಸೋಮಾರಿ ಹುಡುಗ ರಾಗ ಮರೆತು ಶಿಳ್ಳೆ ಹೊಡೆದಂತೆ ಹಾಡುತ್ತದೆ. ಶಿಳ್ಳೆಯಲ್ಲಿ ಶಕ್ತಿಯೆಲ್ಲ ಒಂದೇ ಸ್ವರದ ಸುತ್ತ ಗುಂಪುಗೂಡಿರುತ್ತದೆ, ಚದುರಿದ ಗದ್ದಲದ ನಡುವೆಯೂ ಕಿವಿಗೆ ಸಿಕ್ಕಿಬಿಡುತ್ತದೆ.

ಇವರೆಲ್ಲರಿಗಿಂತ ನನಗೆ ಇಷ್ಟವಾದದ್ದು ಒಂದು ಕಪ್ಪೆ. ಮಳೆ ನಿಂತು ಘಟ್ಟದ ತೋಡುಗಳು ಇಳಿದ ಮೇಲೆ, ಹಗಲಲ್ಲೇ, ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳಿನ ತುದಿಯಷ್ಟೇ ಇರುವ ಗಂಡು ಕೂತಿರುತ್ತದೆ. ಕಲ್ಲಿನದೇ ಬಣ್ಣ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಮೊದಲು ಗಂಟಲಿನ ಬಿಳಿ ಚೀಲ ಉಬ್ಬಿಸಿ ಕೂಗುತ್ತದೆ. ಆಮೇಲೆ ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬೀಸಣಿಗೆಯಂತೆ ಬಿಡಿಸಿ, ಮಡಚಿಕೊಳ್ಳುತ್ತದೆ. ನೋಡುವವರಿಗೆ ಇದು ಕುಣಿತ, ಹೆಣ್ಣನ್ನು ಒಲಿಸಿಕೊಳ್ಳುವ ಆಟ ಎಂದೇ ತೋರುತ್ತದೆ. ಆದರೆ ಕಾಲು ಚಾಚುವುದು ಬಹುಪಾಲು ಪಕ್ಕದ ಕಲ್ಲಿನ ಗಂಡಿಗೆ: ಇತ್ತ ಬರಬೇಡ.

ಕುಣಿಯುವ ಕಪ್ಪೆಗಳ ಈ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಪ್ರಭೇದಕ್ಕೆ ನಮ್ಮ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದ ಹೆಸರಿದೆ; ಬೆಂಗಳೂರಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅದನ್ನು 1937ರಲ್ಲಿ ವಿವರಿಸಿದರು. 2014ರಲ್ಲಿ ಕಪ್ಪೆಗಳ ಸಂಶೋಧಕ ಎಸ್. ಡಿ. ಬಿಜು ಮತ್ತು ಸಂಗಡಿಗರು ಒಂದೇ ಸಲಕ್ಕೆ 14 ಹೊಸ ಪ್ರಭೇದಗಳನ್ನು ಸೇರಿಸಿದರು.

ನಾವು ನೋಡುತ್ತಿದ್ದ ಕಪ್ಪೆ ಮೂರು ಸಲ ಕಾಲು ಚಾಚಿತು. ಆಚೆ ಕಲ್ಲಿನದು ಒಮ್ಮೆ ಚಾಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನೀರಿಗೆ ಹಾರಿತು. ಭಾವ ನನ್ನ ಭುಜ ತಟ್ಟಿ ಚಪ್ಪಲಿಯತ್ತ ಕೈ ತೋರಿಸಿದರು. ಒಂದು ಜಿಗಣೆ ನನ್ನ ಪಾದದವರೆಗೂ ಬಂದಾಗಿತ್ತು.