ಪೂರ್ವಾಪರ ಎಲ್ಲರಿಗೂ ಇರುತ್ತದೆ

ಮೊನ್ನೆ ಟಿವಿಯ ಕೆಳಗೆ ಓಡುವ ಅಕ್ಷರಗಳಲ್ಲಿ ಒಂದು ಸುದ್ದಿ ಹೋಯಿತು: ‘ಆಯ್ಕೆಯಾದ ಅಭ್ಯರ್ಥಿಗಳಿಗೆ ಪೂರ್ವಾಪರ ಇರುವುದು ಪತ್ತೆ’. ಹಳೆಯ ಪೊಲೀಸ್ ಕೇಸು ಇದೆ ಎನ್ನುವುದಕ್ಕೆ ಅವರು ಬಳಸಿದ ಪದ ಅದು. ಪೂರ್ವಾಪರವನ್ನು ಪತ್ತೆ ಮಾಡುವುದೇನು ಬಂತು? ಅಭ್ಯರ್ಥಿಗಳಿಗೂ ಇದೆ, ಸುದ್ದಿ ಬರೆದವರಿಗೂ ಇದೆ, ನನಗೂ ಇದೆ. ಸುಮ್ಮನಿರೋಣವೆಂದುಕೊಂಡೆ. ಸಂಜೆ ಎದುರು ಮನೆಯವರು ಬಂದು ಮಗನಿಗೆ ಸರ್ಕಾರಿ ನೌಕರಿಯಾಗಿದೆ, ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ ಎಂದು ಹೇಳಿ, “ನಮ್ಮ ಹುಡುಗನಿಗೆ ಪೂರ್ವಾಪರ ಗೀರ್ವಾಪರ ಏನೂ ಇಲ್ಲ ಸಾರ್” ಎಂದು ಎದೆ ಮುಟ್ಟಿಕೊಂಡರು. ಸಿಬ್ಬಂದಿ ಶಾಖೆಯಲ್ಲಿ ಇಪ್ಪತ್ತೆಂಟು ವರ್ಷ ಇದೇ ಕಡತಗಳ ಮೇಲೆ ಟಿಪ್ಪಣಿ ಬರೆದವನು ನಾನು. ಇನ್ನು ತಡೆಯಲಾಗದು.

ಪದವನ್ನು ಬಿಡಿಸಿದರೆ ಪೂರ್ವ, ಅಪರ. ನಡುವೆ ಸವರ್ಣದೀರ್ಘ ಸಂಧಿ. ಕೆಲವರು ಇದನ್ನು ಪೂರ್ವ, ಪರ ಎಂದು ಒಡೆದು ‘ಪೂರ್ವಪರ’ ಎಂದು ಬರೆಯುತ್ತಾರೆ. ಅದು ಬರೀ ಕಾಗುಣಿತದ ತಪ್ಪು, ಕ್ಷಮಿಸಬಹುದು. ಕ್ಷಮಿಸಲಾಗದ್ದು ಇದರೊಳಗೆ ‘ಅಪರಾಧ’ವನ್ನು ಕೇಳಿಸಿಕೊಳ್ಳುವ ಕಿವಿ. ಪೂರ್ವದಲ್ಲಿ ಮಾಡಿದ ಅಪರಾಧವೇ ಪೂರ್ವಾಪರ ಎಂದು ಪದವೀಧರರೇ ನನಗೆ ವಿವರಿಸಿದ್ದಾರೆ. ಒಮ್ಮೆ ಒಬ್ಬ ವಿಷಯ ನಿರ್ವಾಹಕ ಕಡತದ ರಟ್ಟಿನ ಮೇಲೆ ‘ಪೂರ್ವಾಪರಾಧ ಪರಿಶೀಲನೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದ. ನಾನು ‘ಧ’ವನ್ನು ಹೊಡೆದುಹಾಕಿದರೆ, ಮರುವಾರ ಅವನು ಅದನ್ನು ಮತ್ತೆ ಸೇರಿಸಿದ್ದ.

ಅಪರಾಧದ ಹುಟ್ಟೇ ಬೇರೆ. ಅದು ಅಪ ಎಂಬ ಉಪಸರ್ಗ ರಾಧ್ ಎಂಬ ಧಾತುವಿಗೆ ಸೇರಿ ಆದದ್ದು. ರಾಧ್ ಎಂದರೆ ಸಾಧಿಸು, ಕೈಗೂಡಿಸು. ಆರಾಧನೆಯಲ್ಲಿರುವುದೂ ಅದೇ ಧಾತು. ಅಪರಾಧವೆಂದರೆ ಮೂಲದಲ್ಲಿ ಗುರಿ ತಪ್ಪಿದ್ದು. ಬಿಟ್ಟ ಬಾಣ ಗುರಿಗೆ ತಾಗದ ಬಿಲ್ಲುಗಾರನನ್ನು ಅಮರಕೋಶ ‘ಅಪರಾದ್ಧಪೃಷತ್ಕ’ ಎನ್ನುತ್ತದೆ. ಪಾಪ, ಅವನ ಮೇಲೆ ಯಾವ ಠಾಣೆಯಲ್ಲೂ ಎಫ್ಐಆರ್ ಇಲ್ಲ.

ಅಪರ ಎಂದರೆ ಬೆನ್ನ ಹಿಂದಿನದು, ಆಮೇಲಿನದು, ಇನ್ನೊಂದು. ಮೂಡುವ ಸೂರ್ಯನಿಗೆ ಮುಖ ಮಾಡಿ ನಿಂತವನಿಗೆ ಎದುರಿಗಿರುವುದು ಪೂರ್ವ, ಬೆನ್ನಿಗಿರುವುದು ಅಪರ. ಸಂಸ್ಕೃತ ಕವಿಗಳ ‘ಪೂರ್ವಾಪರ ಸಮುದ್ರ’ ಎಂದರೆ ಮೂಡಣ ಪಡುವಣ ಕಡಲುಗಳು. ದಿಕ್ಕಿನ ಮಾತೇ ಕಾಲಕ್ಕೂ ಬಂತು. ಮಧ್ಯಾಹ್ನ ಕಳೆದದ್ದು ಅಪರಾಹ್ನ, ಸತ್ತ ಮೇಲೆ ಮಾಡುವುದು ಅಪರಕರ್ಮ, ಪೂರ್ವಪಕ್ಷವಾದ ಮೇಲೆ ಬರುವ ಕೃಷ್ಣಪಕ್ಷ ಅಪರಪಕ್ಷ. ‘ಇನ್ನೊಂದು’ ಎಂಬ ಅರ್ಥದಿಂದ ಅಪರ ಜಿಲ್ಲಾಧಿಕಾರಿ. ಅವರನ್ನು ಅಪರಾಧ ಜಿಲ್ಲಾಧಿಕಾರಿ ಎಂದು ಯಾರೂ ಓದಿಕೊಳ್ಳುವುದಿಲ್ಲ. ಅಲ್ಲಿರುವ ವಿವೇಕ ಪೂರ್ವಾಪರದ ಹತ್ತಿರ ಬಂದಾಗ ಎಲ್ಲಿಗೆ ಹೋಗುತ್ತದೋ.

ಹಾಗಾಗಿ ಪೂರ್ವಾಪರ ಎಂದರೆ ಹಿಂದುಮುಂದು. ಮನೆಯ ಮಾತಿನಲ್ಲಿ ಇದು ಇನ್ನೂ ಕೆಟ್ಟಿಲ್ಲ. ಗಂಡಿನ ಪೂರ್ವಾಪರ ವಿಚಾರಿಸದೆ ಹೆಣ್ಣು ಕೊಡಬೇಡಿ ಎನ್ನುವ ಅಜ್ಜಿಯ ಮನಸ್ಸಿನಲ್ಲಿ ಪೊಲೀಸ್ ಠಾಣೆ ಇರುವುದಿಲ್ಲ. ಊರು ಯಾವುದು, ಅಪ್ಪ ಎಂಥವನು, ಹುಡುಗ ಹಿಂದೆ ಎಲ್ಲಿದ್ದ, ಮುಂದೆ ಹೇಗೆ ನಡೆಸಿಯಾನು, ಇಷ್ಟೂ ಅದರಲ್ಲಿ ಅಡಕ. ಕೆಟ್ಟದ್ದು ಕಚೇರಿಯಲ್ಲಿ. ದಫ್ತರದ ಇಂಗ್ಲಿಷಿನಲ್ಲಿ ಇದ್ದದ್ದು ‘ಕ್ಯಾರೆಕ್ಟರ್ ಅಂಡ್ ಆಂಟಿಸಿಡೆಂಟ್ಸ್’. ಆಂಟಿಸಿಡೆಂಟ್ ಎಂದರೆ ಮೊದಲು ನಡೆದದ್ದು, ಬರೀ ಪೂರ್ವ. ಕನ್ನಡದಲ್ಲಿ ಅದು ‘ಗುಣನಡತೆ ಮತ್ತು ಪೂರ್ವಾಪರ’ ಆಯಿತು. ಇಂಗ್ಲಿಷಿನಲ್ಲಿ ಇಲ್ಲದ ಅಪರ ಕನ್ನಡದಲ್ಲಿ ಸೇರಿಕೊಂಡದ್ದು ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು. ಅದು ಯಾಕಿದೆ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ನಡೆಯುವ ಕೆಲಸವನ್ನಾದರೂ ನೋಡಿ. ಕೇಂದ್ರ ಸರ್ಕಾರದ ನೌಕರಿಗೆ ತುಂಬುವ ಅಟೆಸ್ಟೇಶನ್ ಫಾರಂ ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲೆಲ್ಲಿ ವಾಸವಾಗಿದ್ದಿರಿ ಎಂದು ಕೇಳುತ್ತದೆ. ಬಲ್ಲವರಿಬ್ಬರ ಹೆಸರು ಕೇಳುತ್ತದೆ. ಎಂದಾದರೂ ಬಂಧನವಾಗಿದೆಯೆ, ಮೊಕದ್ದಮೆ ನಡೆದಿದೆಯೆ, ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ, ದಂಡ ತೆತ್ತಿದ್ದೀರಾ, ಪರೀಕ್ಷೆಯಿಂದ ಡಿಬಾರ್ ಆಗಿದ್ದೀರಾ ಎಂದೂ ಕೇಳುತ್ತದೆ. ಆಮೇಲೆ ಠಾಣೆಯಿಂದ ಮಫ್ತಿಯಲ್ಲಿ ಒಬ್ಬರು ಬೈಕಿನಲ್ಲಿ ಬಂದು ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ನಿಂತು ವಿಚಾರಿಸುತ್ತಾರೆ. ಅಂಗಡಿಯವನು ಹುಡುಗನ ಸಾಲದ ಪುಸ್ತಕ ನೆನೆದು ಉತ್ತರ ಕೊಡುತ್ತಾನೆ. ಅಜ್ಜಿ ಮಾಡುತ್ತಿದ್ದ ಕೆಲಸವೇ; ಠಸ್ಸೆ ಒಂದು ಹೆಚ್ಚು.

ಈ ಫಾರಂ ವಿಷಯದಲ್ಲಿ ನಾನು ಕಂಡ ಅನಾಹುತಗಳೆಲ್ಲ ‘ಎಂದಾದರೂ’ ಎಂಬ ಒಂದೇ ಪದದ ಮೇಲೆ ಆದವು. ಹಾಸ್ಟೆಲಿನ ಹೊಡೆದಾಟದಲ್ಲಿ ಹೆಸರು ಸೇರಿ, ರಾಜಿಯಾಗಿ, ಖುಲಾಸೆಯೂ ಆದ ಹುಡುಗ ಮೊಕದ್ದಮೆಯ ಅಂಕಣದಲ್ಲಿ ‘ಇಲ್ಲ’ ಎಂದು ಬರೆಯುತ್ತಾನೆ. ಪಕ್ಕದಲ್ಲಿ ಕೂತ ಸೋದರಮಾವ ಹಾಗೇ ಬರೆಯಲು ಹೇಳಿರುತ್ತಾನೆ. ಖುಲಾಸೆ ಆದದ್ದು ಆರೋಪದಿಂದ, ಪ್ರಶ್ನೆಯಿಂದಲ್ಲವಲ್ಲ! ಠಾಣೆಯ ವರದಿ ಬರುತ್ತದೆ, ಅದರಲ್ಲಿ ಕ್ರೈಂ ನಂಬರ್ ಇರುತ್ತದೆ. ಮೊದಲು ಹೇಳಿದ್ದಕ್ಕೂ ಆಮೇಲೆ ಬಂದದ್ದಕ್ಕೂ ತಾಳೆಯಾಗದಿದ್ದರೆ ನಮ್ಮ ಶಾಸ್ತ್ರಗಳಲ್ಲಿ ಅದಕ್ಕೆ ‘ಪೂರ್ವಾಪರ ವಿರೋಧ’ ಎನ್ನುತ್ತಾರೆ. ನೌಕರಿಗೆ ಕುತ್ತು ಬಂದ ಎಷ್ಟೋ ಕಡತಗಳಲ್ಲಿ ಪೂರ್ವ ಸಣ್ಣದಿತ್ತು, ಕುತ್ತು ತಂದದ್ದು ಈ ವಿರೋಧ.

ಸುಪ್ರೀಂ ಕೋರ್ಟ್ ಇದನ್ನು ನಮ್ಮ ಶಾಖೆಗಿಂತ ಚೆನ್ನಾಗಿ ತಿಳಿದುಕೊಂಡಿದೆ. 2016ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಸ್ಥೂಲವಾಗಿ ಇಷ್ಟು: ಫಾರಂನಲ್ಲಿ ಕೊಡುವ ಮಾಹಿತಿ ನಿಜವಾಗಿರಬೇಕು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಮಾಲೀಕನ ಸ್ಥಾನದಲ್ಲಿರುವವರು ತಮ್ಮ ವಿವೇಚನೆಯಿಂದ ಮನ್ನಿಸಬಹುದು, ಫಾರಂ ಸ್ಪಷ್ಟವಾಗಿ ಕೇಳದ್ದನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ನಿಜ ಹೇಳಿದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದೂ ಇಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ದೆಹಲಿ ಪೊಲೀಸ್ ಹುದ್ದೆಯೊಂದರ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ಒಂದು ತುಂಡು ಬ್ರೆಡ್ಡು ಕದ್ದು ಕಳ್ಳನೆಂಬ ಹಣೆಪಟ್ಟಿ ಹೊತ್ತ ಫ್ರೆಂಚ್ ಕಾದಂಬರಿಯ ನಾಯಕನನ್ನು ನೆನೆದಿತ್ತು. ಇನ್ನೂ ಹಿಂದೆ, 1983ರಲ್ಲಿ, ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ಅವರ ಹಳೆಯ ರಾಜಕೀಯ ಒಡನಾಟದ ಪೊಲೀಸ್ ವರದಿ ನೋಡಿ ಮನೆಗೆ ಕಳಿಸಿದಾಗ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಭಾರತ ಪೊಲೀಸ್ ರಾಜ್ಯವಲ್ಲ ಎಂದು ಬರೆದರು. ಇವೆಲ್ಲ ಪೂರ್ವದ ಜೊತೆಗೆ ಅಪರವನ್ನೂ ಓದಿದ ತೀರ್ಪುಗಳು. ಆಗಿನ ವಯಸ್ಸೇನು, ಸಂದರ್ಭವೇನು, ಆಮೇಲೆ ಆ ಮನುಷ್ಯ ಹೇಗೆ ಬಾಳಿದ ಎಂದು ನೋಡಿದರೇ ಅದು ಪೂರ್ವಾಪರ.

ಹಾಗಾದರೆ ಟಿವಿಯವರು ಏನು ಬರೆಯಬೇಕಿತ್ತು? ‘ಪ್ರಕರಣ ಇರುವುದು ಪತ್ತೆ’. ಅದಕ್ಕೂ ನಾಲ್ಕೇ ಅಕ್ಷರ. ರೌಡಿ ಪಟ್ಟಿಯಲ್ಲಿ ಹೆಸರಿದ್ದರೆ ಹಾಗೆಂದೇ ಬರೆಯಿರಿ. ‘ಪೂರ್ವಾಪರ ಕ್ಲಿಯರ್ ಆಯಿತು’ ಎನ್ನುವವರಿಗೆ ಮಾತ್ರ ಏನು ಹೇಳಬೇಕೋ ತಿಳಿಯದು. ಹಿಂದುಮುಂದು ಎರಡೂ ಅಳಿಸಿಹೋದವನು ನೌಕರಿಗೆ ಹೇಗೆ ಬಂದಾನು?

ಅಂಥ ಒಬ್ಬ ಬಂದಿದ್ದ. ನಾನು ನಿವೃತ್ತನಾಗುವ ವರ್ಷ ಠಾಣೆಯೊಂದರಿಂದ ಬಂದ ವರದಿಯಲ್ಲಿ ಒಂದೇ ಸಾಲಿತ್ತು: ‘ಸದರಿ ಅಭ್ಯರ್ಥಿಗೆ ಯಾವುದೇ ಪೂರ್ವಾಪರ ಇರುವುದಿಲ್ಲ’. ವಯಸ್ಸು ಇಪ್ಪತ್ತಾರು, ತಂದೆಯ ಹೆಸರು, ಊರು ಎಲ್ಲ ಮೇಲೆಯೇ ಇದ್ದವು. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಕೆಂದು ಪೆನ್ನು ತೆಗೆದೆ. ಹಾಗೆ ಮಾಡಿದರೆ ಹುಡುಗನ ಆದೇಶ ಇನ್ನೆರಡು ತಿಂಗಳು ತಡವಾಗುತ್ತಿತ್ತು. ‘ಪರಿಶೀಲಿಸಲಾಗಿದೆ, ಆದೇಶಕ್ಕೆ ಮಂಡಿಸಿದೆ’ ಎಂದು ಬರೆದು ರುಜು ಹಾಕಿದೆ.